ಬಾವುಟದ ಕಂಬಕ್ಕೂ ನಲ್ಲಿಕಟ್ಟೆಗೂ ನಡುವೆ

ನಮ್ಮ ಊರಿನ ಪುರಸಭೆಯ ಆವರಣದ ವಿಸ್ತೀರ್ಣ ಹಗಲಿನಲ್ಲಿ ಎರಡು ಎಕರೆಗೆ ತುಸು ಕಡಿಮೆ. ಅದರೊಳಗೆ ಕಚೇರಿಯ ಕಟ್ಟಡ, ಹಿಂಭಾಗದಲ್ಲಿ ಕಸದ ಗಾಡಿಗಳನ್ನು ನಿಲ್ಲಿಸುವ ಚಪ್ಪರ, ಮುಂಭಾಗದಲ್ಲಿ ಬಾವುಟದ ಕಂಬ, ಕಂಬದ ಮೂಡಣಕ್ಕೆ ಕಲ್ಲಿನ ನಲ್ಲಿಕಟ್ಟೆ. ಸುತ್ತ ಎದೆಯೆತ್ತರದ ಗೋಡೆ, ಒಂದೇ ಗೇಟು. ಸಂಜೆ ದೀಪ ಹಚ್ಚುವ ಹೊತ್ತಿಗೆ ಕಂಬಕ್ಕೂ ಕಟ್ಟೆಗೂ ನಡುವಿನ ನೆಲ ಹರಡಿಕೊಳ್ಳುತ್ತದೆ. ಬೆಳಿಗ್ಗೆ ಮೂಡಣ ಕೆಂಪಾದಾಗ ಮತ್ತೆ ಮಡಚಿಕೊಳ್ಳುತ್ತದೆ. ಗೋಡೆಯನ್ನು ಹೊರಗಿನಿಂದ ಯಾವ ಹೊತ್ತಿನಲ್ಲಿ ಅಳೆದರೂ ಅಳತೆ ಒಂದೇ ಬರುತ್ತದೆ. ಇದನ್ನು ನಾನು ಸ್ವತಃ ಅಳೆದು ಹೇಳುತ್ತಿದ್ದೇನೆ. ಯಾರೋ ಹೇಳಿದ್ದನ್ನು ಕೇಳಿ ಹೇಳುತ್ತಿಲ್ಲ.

ಊರಿನ ಮನೆಗಳು ಚಿಕ್ಕವು. ಆದುದರಿಂದ ಜಾಗ ಸಾಲದವರು ಚಾಪೆ, ದಿಂಬು, ನೀರಿನ ಕೂಜ ಹಿಡಿದುಕೊಂಡು ಸಂಜೆ ಆವರಣಕ್ಕೆ ಬಂದು ಮಲಗುವುದು ನನ್ನ ತಾತನ ಕಾಲದಿಂದಲೂ ನಡೆದುಬಂದ ಪದ್ಧತಿ. ಹೊಸದಾಗಿ ಮದುವೆಯಾದವರು ಬರುತ್ತಿದ್ದರು. ಮನೆ ಪಾಲಾಗದೆ ಒಂದೇ ಸೂರಿನಡಿ ಮಾತು ಬಿಟ್ಟ ಅಣ್ಣತಮ್ಮಂದಿರು ಬರುತ್ತಿದ್ದರು. ಗೊರಕೆ ಹೊಡೆಯುವವರನ್ನು ಮನೆಯವರು ಕಳುಹಿಸುತ್ತಿದ್ದರು. ಅವರು ಬಂದೊಡನೆ ಅಕ್ಕಪಕ್ಕದವರು ಚಾಪೆ ಎಳೆದುಕೊಂಡು ಆಚೆ ಸರಿಯುತ್ತಿದ್ದರು. ಸರಿಯಲು ಜಾಗಕ್ಕೇನೂ ಕೊರತೆ ಇರಲಿಲ್ಲ. ಒಮ್ಮೆ ಮಲಗಿದ ಜಾಗ ಮರುದಿನ ಸಂಜೆ ಅವರಿಗೇ ಸಿಗುತ್ತಿತ್ತು. ಅಲ್ಲಿ ಬಿಟ್ಟುಹೋದ ಇಟ್ಟಿಗೆ, ಬೀಸಣಿಗೆ, ಎಲೆ ಅಡಿಕೆಯ ಚೀಲ ಹಗಲೆಲ್ಲ ಕಾಣದೆ ಸಂಜೆ ಇದ್ದ ಹಾಗೆಯೇ ಕಾಣುತ್ತಿದ್ದವು. ಒಬ್ಬಾಕೆ ತನ್ನ ಜಾಗದಲ್ಲಿ ಕೊತ್ತಂಬರಿ ಬಿತ್ತಿದಳು. ಬಿಸಿಲು ಕಾಣದ ಸೊಪ್ಪು ಬೆಳ್ಳಗೆ ಬಂದು, ಸಂತೆಯಲ್ಲಿ ಯಾರೂ ಕೊಳ್ಳಲಿಲ್ಲ.

ಬೆಳಗಾಗುವ ಮೊದಲು ಎದ್ದು ಹೊರಗೆ ಬಾರದವರೂ ಹಾಗೆಯೇ ಕಾಣೆಯಾಗುತ್ತಿದ್ದರು. ಸಂಜೆ ನೆಲ ಹರಡಿಕೊಂಡಾಗ ಆಕಳಿಸುತ್ತ ಎದ್ದು ಕೂರುತ್ತಿದ್ದರು. ನಡುವಿನ ಹಗಲು ಅವರ ಪಾಲಿಗೆ ರೆಪ್ಪೆ ಬಡಿದಷ್ಟು, ಗಡ್ಡವೂ ಬೆಳೆದಿರುತ್ತಿರಲಿಲ್ಲ. ಇದಕ್ಕೆ ಊರಿನವರು ಮಡಿಕೆಯಲ್ಲಿ ಉಳಿಯುವುದು ಎನ್ನುತ್ತಿದ್ದರು. ತಪ್ಪಿ ಉಳಿದವರಿಗಿಂತ ಬೇಕೆಂದು ಉಳಿದವರೇ ಹೆಚ್ಚು. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಗಣಿತದ ಪರೀಕ್ಷೆಯ ದಿನ ನನ್ನ ತರಗತಿಯ ಕಾಲು ಭಾಗ ಮಡಿಕೆಯಲ್ಲಿರುತ್ತಿತ್ತು. ಅತ್ತೆ ಬರುವ ದಿನ ಸೊಸೆ, ಸಾಕ್ಷಿ ಹೇಳಬೇಕಾದ ದಿನ ಸಾಕ್ಷಿಗಾರ, ಹಲ್ಲು ಕೀಳಿಸಿಕೊಳ್ಳಬೇಕಾದ ದಿನ ಹಲ್ಲುನೋವಿನವನು, ಹೀಗೆ. ಜನ ಇದಕ್ಕೆ ಹೊಂದಿಕೊಂಡಿದ್ದರು. ಮುಖ್ಯವಾದ ಕೆಲಸವಿದ್ದರೆ ಹಿಂದಿನ ಸಂಜೆಯೇ ಹೋಗಿ, ನಾಳೆ ಮಡಿಕೆಯಲ್ಲಿ ಉಳಿಯುವುದಿಲ್ಲ ತಾನೇ ಎಂದು ಕೇಳಿಕೊಂಡು ಬರುತ್ತಿದ್ದರು.

ಪುರಸಭೆಯ ಅಧ್ಯಕ್ಷ ಗುರುಶಾಂತಪ್ಪನವರೂ ಹಾಗೆ ಕೇಳಿಕೊಂಡು ಬಂದಿದ್ದರು. ಆದರೂ ಅವರ ಮಗಳ ಮದುವೆಯ ದಿನ ಗಂಡು ಮಡಿಕೆಯಲ್ಲಿ ಉಳಿದುಬಿಟ್ಟ. ಮುಹೂರ್ತ ಕಳೆಯಿತು, ಊಟವೂ ಕಳೆಯಿತು. ಸಂಜೆ ಅವನು ಹೊದಿಕೆ ಮಡಚುತ್ತ ಎದ್ದು ಬಂದು, ಹೊತ್ತಾಯಿತೇ ಎಂದು ವಿಚಾರಿಸಿದನಂತೆ. ಮರುವಾರ ಅಧ್ಯಕ್ಷರು ಸಭೆ ಕರೆದರು. ಕಚೇರಿಯ ಆವರಣ ಕಚೇರಿಯ ಕೆಲಸಕ್ಕೆ, ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಅಲ್ಲಿ ಸಾರ್ವಜನಿಕರಿಗೇನು ಕೆಲಸ ಎಂದು ಅವರು ಕೇಳಿದ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಹಗಲುಗಳು ಹೀಗೆ ಸೋರಿಹೋಗುವುದು ನನಗೂ ಸರಿಬಂದಿರಲಿಲ್ಲ. ಆದುದರಿಂದ, ನಿರ್ಣಯಕ್ಕೆ ಮೊದಲು ಆ ನೆಲವನ್ನು ಅಳೆದು ವರದಿ ಕೊಡಬೇಕೆಂದು ಅವರು ಮನೆಗೆ ಬಂದು ಕೇಳಿದಾಗ ನಾನು ಒಪ್ಪಿಕೊಂಡೆ.

ಅದು ಬೇಸಿಗೆ. ಮಲಗಲು ನೂರಾರು ಜನ ಬರುತ್ತಿದ್ದರು. ಕಾವಲುಗಾರ ದಾಸಪ್ಪ ಗೇಟಿನ ಬಳಿ ನಿಂತು ತಲೆಗೊಂದರಂತೆ ಹುಣಸೆಬೀಜವನ್ನು ಮಡಕೆಗೆ ಹಾಕುತ್ತಿದ್ದ. ನಾನು ಕಂಬಕ್ಕೂ ಕಟ್ಟೆಗೂ ನಡುವೆ ಹಗ್ಗ ಎಳೆದು ಅಳೆಯುತ್ತಿದ್ದೆ. ಕೆಲವೇ ದಿನಗಳಲ್ಲಿ ವಿಷಯ ಸ್ಪಷ್ಟವಾಯಿತು. ಒಳಗೆ ಬಂದ ಒಬ್ಬೊಬ್ಬರಿಗೂ ನೆಲ ಒಂದೊಂದು ಗೇಣು ಅಗಲವಾಗುತ್ತಿತ್ತು. ಆ ಒಂದು ಗೇಣಿನೊಳಗೆ ಅವರ ಚಾಪೆಗೆ ಬೇಕಾದ ಜಾಗ ಹೇಗೆ ಹಿಡಿಯುತ್ತಿತ್ತೆಂಬುದು ನನ್ನ ಗಣಿತಕ್ಕೆ ಹೊರಗಿನದು, ಹಿಡಿಯುತ್ತಿತ್ತು. ದಪ್ಪಗಿದ್ದವರಿಗೆ ಹೆಚ್ಚಿಲ್ಲ, ಎಳೆಮಕ್ಕಳಿಗೆ ಕಡಿಮೆಯಿಲ್ಲ. ಒಂದು ಸಂಜೆ ಗೂಳಿಯೊಂದು ನುಗ್ಗಿತು; ಅದಕ್ಕಾಗಿ ನೆಲ ಕೂದಲೆಳೆಯಷ್ಟೂ ಅಲುಗಲಿಲ್ಲ. ಮನುಷ್ಯರನ್ನು ಮಾತ್ರ ಅದು ಎಣಿಸುತ್ತಿತ್ತು. ಅಳತೆಯನ್ನೂ ಹುಣಸೆಬೀಜವನ್ನೂ ತಾಳೆ ನೋಡಿ ನಾನು ವರದಿ ಬರೆದೆ. ಯಾರೂ ಒಳಗೆ ಹೋಗದಿದ್ದರೆ ನೆಲ ಹರಡುವುದಿಲ್ಲ, ಹರಡದಿದ್ದರೆ ಮಡಿಕೆಯೂ ಇಲ್ಲ ಎಂಬುದು ಅದರ ಕೊನೆಯ ವಾಕ್ಯ. ಅಧ್ಯಕ್ಷರಿಗೆ ಆ ವಾಕ್ಯ ಬಹಳ ಹಿಡಿಸಿತು. ನಿರ್ಣಯವನ್ನೂ ನೀವೇ ಬರೆದುಕೊಡಿ, ನಮ್ಮ ಗುಮಾಸ್ತರು ಬರೆದರೆ ಎರಡು ಅರ್ಥ ಬರುತ್ತದೆ ಎಂದರು. ನಾನು ಒಂದೇ ಅರ್ಥ ಬರುವಂತೆ ಬರೆದೆ. ದೀಪ ಹಚ್ಚುವ ಹೊತ್ತಿಗೆ ಕಾವಲುಗಾರನು ಮೂರು ಸಲ ಕೂಗಿ ಕೇಳಿ, ಆವರಣದೊಳಗೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡ ನಂತರವೇ ಗೇಟಿಗೆ ಬೀಗ ಹಾಕತಕ್ಕದ್ದು. ಬೀಗ ಹಾಕಿದ ಮೇಲೆ ಬೆಳಗಿನವರೆಗೆ ಯಾವ ಕಾರಣಕ್ಕೂ ತೆರೆಯತಕ್ಕದ್ದಲ್ಲ. ಜನರನ್ನು ಒಳಗಿಟ್ಟು ಬೀಗ ಹಾಕುವ ಪದ್ಧತಿ ನಮ್ಮ ಊರಿನಲ್ಲಿಲ್ಲ. ಆದುದರಿಂದ ಮೂರು ಸಲ ಕೂಗುವ ಮಾತನ್ನು ಸೇರಿಸಿದೆ.

ಇಷ್ಟಾದ ಮೇಲೆ ಲಿಂಗಾಜಮ್ಮ ನನ್ನನ್ನು ಕಾಣಬೇಕೆಂದು ಹೇಳಿಕಳುಹಿಸಿದಳು. ಅವಳು ಪುರಸಭೆಯ ಬೀದಿಯ ತಿರುವಿನಲ್ಲಿ ಗಾಡಿ ಇಟ್ಟುಕೊಂಡು ಬಟ್ಟೆ ಇಸ್ತ್ರಿ ಮಾಡುವವಳು, ನನ್ನಲ್ಲಿ ಓದಿದವಳು. ತಂದೆ ಮರಿಬಸಪ್ಪ ತಮ್ಮ ಜನದ ಮಸಣದ ಯಜಮಾನಿಕೆ ಮಾಡುವವರು. ಇವಳು ಬೇರೆ ಜನದ ಒಬ್ಬ ಲಾರಿ ಚಾಲಕನನ್ನು ಮದುವೆಯಾಗಿ ಮನೆ ಬಿಟ್ಟಿದ್ದಳು. ಆರು ವರ್ಷದ ಹಿಂದೆ ಒಂದು ಗಂಡುಕೂಸು ಹುಟ್ಟಿ ಮರುದಿನವೇ ತೀರಿಕೊಂಡಿತು. ಮಗು ಅಪ್ಪನ ಕಡೆಗೆ ಸೇರಿದ್ದು ಎಂದು ಮರಿಬಸಪ್ಪನವರು ಮಸಣದ ಬಾಗಿಲು ತೆರೆಯಲಿಲ್ಲ. ತಾಯಿಯ ಕಡೆಗೆ ಸೇರಿದ್ದು ಎಂದು ಗಂಡನ ಕಡೆಯ ಹಿರಿಯರೂ ತೆರೆಯಲಿಲ್ಲ. ಎರಡೂ ಬಾಗಿಲಿಗೆ ತಿರುಗುವಷ್ಟರಲ್ಲಿ ಸಂಜೆಯಾಗಿತ್ತು. ಗಂಡಹೆಂಡತಿ ಕೂಸನ್ನು ಎತ್ತಿಕೊಂಡು ಪುರಸಭೆಯ ಆವರಣಕ್ಕೆ ಬಂದು, ಆಗತಾನೆ ಹರಡಿಕೊಂಡ ನೆಲದಲ್ಲಿ ಅಗೆದು ಮಣ್ಣು ಮಾಡಿದರು. ಮಲಗಲು ಬಂದವರು ಕಂಡರು, ಯಾರೂ ತಡೆಯಲಿಲ್ಲ. ಅಂದಿನಿಂದ ಅವಳು ಒಂದು ಸಂಜೆಯನ್ನೂ ತಪ್ಪಿಸದೆ ಬಂದು ಆ ಜಾಗದ ಪಕ್ಕದಲ್ಲಿ ಚಾಪೆ ಹಾಸಿ, ಬೆಳಗಾಗುವ ಮೊದಲು ಎದ್ದು ಹೋಗಿ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದಳು. ಹಗಲಿನಲ್ಲಿ ಆ ಗುಂಡಿ ಎಲ್ಲಿಯೂ ಇರಲಿಲ್ಲ.

ನಾನು ಹೋದಾಗ ಅವಳು ಯಾರದೋ ಬಿಳಿ ಪಂಚೆ ಹರಡಿಕೊಂಡಿದ್ದಳು. ಕೆಲಸ ನಿಲ್ಲಿಸಲಿಲ್ಲ.

"ಮೇಷ್ಟ್ರೇ, ಒಂದು ಕೇಳ್ತೀನಿ. ಸಮಾಧಾನ ಹೇಳೋಕೆ ಬರಬೇಡಿ, ಲೆಕ್ಕ ಹೇಳಿ. ಯಾರೂ ಒಳಗೆ ಹೋಗದೆ ಇದ್ರೆ ನೆಲ ಎಷ್ಟು ಹರಡುತ್ತೆ?"

"ಒಬ್ಬರಿಗೆ ಒಂದು ಗೇಣು. ಯಾರೂ ಇಲ್ಲದಿದ್ದರೆ ಸೊನ್ನೆ."

"ಹಾಗಾದ್ರೆ ನನ್ನ ಕೂಸಿನ ಜಾಗ?"

"ಅದೂ ತೆರೆಯುವುದಿಲ್ಲ."

"ಯಾವತ್ತೂ?"

"ಗೇಟು ಮುಚ್ಚಿರುವವರೆಗೂ."

ಅವಳು ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಗಂಟಿನ ಮೇಲಿಟ್ಟಳು. ಬೀಗ ಬೀಳುವ ಮೊದಲಿನ ಕೊನೆಯ ದಿನ ತಾನು ಹೊರಗೆ ಬರುವುದಿಲ್ಲ ಎಂದಳು. ಹಗಲು ಮಡಿಕೆಯಲ್ಲಿರುತ್ತೇನೆ, ರಾತ್ರಿ ಕೂಸಿನ ಪಕ್ಕ ಇರುತ್ತೇನೆ, ಒಬ್ಬಳಿದ್ದರೆ ಒಂದು ಗೇಣು ಹರಡಲೇಬೇಕಲ್ಲ, ನೀವೇ ಬರೆದಿದ್ದೀರಿ ಎಂದಳು. ಲೆಕ್ಕ ಸರಿಯಾಗಿತ್ತು. ಅನ್ನ ನೀರು ಎಂದು ನಾನು ಕೇಳಿದೆ. ಹಗಲು ರೆಪ್ಪೆ ಬಡಿದಷ್ಟಾದರೂ ರಾತ್ರಿ ರಾತ್ರಿಯೇ. ಬೀಗದೊಳಗೆ ಎಷ್ಟು ರಾತ್ರಿ ನಡೆದೀತು? ಅವಳು ಇನ್ನೊಂದು ಬಟ್ಟೆ ಹರಡಿಕೊಂಡಳು. ಗಂಡನಿಗೆ ಹೇಳಿದ್ದೀಯಾ ಎಂದೆ. ಲಾರಿ ದೂರದೂರಿಗೆ ಹೋಗಿದೆ, ಬಂದಾಗ ಗೊತ್ತಾಗುತ್ತದೆ ಎಂದಳು.

ಆಗ ನಾನು ಹೇಳಬೇಕಾದ ಒಂದು ಮಾತಿತ್ತು. ಅದನ್ನು ಸಮಾಧಾನಕ್ಕಾಗಿ ಹೇಳಲಿಲ್ಲ, ನಿಜವಾದ್ದರಿಂದ ಹೇಳಿದೆ. "ನೋಡು ಲಿಂಗಾಜಮ್ಮ, ನಾನು ನೂರಾರು ಜನರಿದ್ದಾಗ ಅಳೆದಿದ್ದೇನೆ. ಸೊನ್ನೆ ಜನರಿದ್ದಾಗ ಅಳೆದಿಲ್ಲ. ಅದು ಊಹೆ. ಒಂದು ಸಂಜೆ ನೀನೂ ಹೊರಗಿರು. ಒಳಗೆ ಯಾರೂ ಇಲ್ಲದಾಗ ಏನಾಗುತ್ತದೆ ಎಂದು ಗೇಟಿನ ಹೊರಗಿನಿಂದಲೇ ನೋಡಬಹುದು. ಅದಕ್ಕೊಂದು ಉಪಾಯ ಮಾಡುತ್ತೇನೆ."

"ನೆಲ ಅಲುಗದೆ ಇದ್ರೆ?"

"ಕೂಗುವುದಕ್ಕೂ ಬೀಗಕ್ಕೂ ನಡುವೆ ಒಬ್ಬರು ಒಳಗೆ ಹೋಗುವಷ್ಟು ಹೊತ್ತು ಇರುತ್ತದೆ. ದಾಸಪ್ಪನಿಗೆ ಹೇಳಿರುತ್ತೇನೆ."

ನೆಲ ಅಲುಗದಿದ್ದರೆ ಅವಳು ಒಳಗೆ ನುಗ್ಗುತ್ತಾಳೆ, ಮತ್ತೆ ಬರುವುದಿಲ್ಲ. ಅದಕ್ಕೆ ದಾರಿ ಬಿಟ್ಟುಕೊಟ್ಟವನು ನಾನು. ಅವಳು ಇಸ್ತ್ರಿಪೆಟ್ಟಿಗೆಯ ಮುಚ್ಚಳ ತೆಗೆದು ಕೆಂಡವನ್ನು ಊದಿದಳು. ಆಮೇಲೆ, ಆಗಲಿ ಎಂದಳು.

ಬೀಗ ಜಾರಿಗೆ ಬರುವ ದಿನ ಮಧ್ಯಾಹ್ನವೇ ಅಧ್ಯಕ್ಷರ ಕಡೆಯವರು ಆವರಣವನ್ನೆಲ್ಲ ಜಾಲಾಡಿದರು. ಕಚೇರಿಯ ಅಟ್ಟ, ಕಸದ ಗಾಡಿಗಳ ಅಡಿ, ಬಾಗಿಲ ಸಂದು, ಯಾವುದನ್ನೂ ಬಿಡಲಿಲ್ಲ. ಹಿಂದಿನ ರಾತ್ರಿ ಯಾರೂ ಮಲಗದಂತೆ ನೋಡಿಕೊಂಡಿದ್ದರು. ಅವರ ಕಣ್ಣು ತಪ್ಪಿಸಿ ಹೋಗಿದ್ದ ಲಿಂಗಾಜಮ್ಮನೊಬ್ಬಳೂ ಬೆಳಗಾಗುವ ಮೊದಲೇ ಹೊರಬಂದಿದ್ದಳು. ನಾನು ನನ್ನ ಸಾಧನವನ್ನು ಹೂಡಿದೆ. ಒಂದು ಹಗ್ಗದ ತುದಿಯನ್ನು ಬಾವುಟದ ಕಂಬಕ್ಕೆ ಕಟ್ಟಿ, ಬಿಗಿಯಾಗಿ ಎಳೆದು, ನಲ್ಲಿಯ ಕೊಳವೆಯ ಮೇಲಿನಿಂದ ಹಾಯಿಸಿ, ಈಚೆಗೆ ಇಳಿಬಿಟ್ಟ ತುದಿಗೆ ಒಂದು ಹಿತ್ತಾಳೆಯ ತಂಬಿಗೆಯನ್ನು ಕಟ್ಟಿದೆ. ತಂಬಿಗೆ ಕಟ್ಟೆಯ ಕಲ್ಲಿನ ಮೇಲೆ ಕುಳಿತಿತ್ತು. ಕಂಬಕ್ಕೂ ಕಟ್ಟೆಗೂ ನಡುವಿನ ದೂರ ಒಂದು ಗೇಣು ಹೆಚ್ಚಿದರೆ ತಂಬಿಗೆ ಕಲ್ಲಿನಿಂದ ಒಂದು ಗೇಣು ಮೇಲೇಳಬೇಕು. ಹೆಚ್ಚದಿದ್ದರೆ ಕುಳಿತೇ ಇರಬೇಕು. ಗೇಟಿನಿಂದ ನೋಡಿದರೆ ಅದು ಚೆನ್ನಾಗಿ ಕಾಣುತ್ತಿತ್ತು.

ಸಂಜೆ ಗೋಡೆಯ ಸುತ್ತ ಊರು ಸೇರಿತು. ಹೆಚ್ಚಿನವರು ಅಭ್ಯಾಸಬಲದಿಂದ ಚಾಪೆಯನ್ನೂ ತಂದಿದ್ದರು. ಇನ್ನು ಮೇಲೆ ಗೊರಕೆಯವನನ್ನು ಎಲ್ಲಿಗೆ ಕಳಿಸೋಣ ಎಂದು ಒಬ್ಬಾಕೆ ಕೇಳಿದಳು. ಅಧ್ಯಕ್ಷರ ಮನೆಗೆ ಕಳಿಸು, ಅಳಿಯನ ಕೋಣೆ ಖಾಲಿ ಇದೆ ಎಂದು ಇನ್ನೊಬ್ಬಾಕೆ ಹೇಳಿದಳು. ಅಧ್ಯಕ್ಷರು ಕೇಳಿಸದವರಂತೆ ನಿಂತಿದ್ದರು. ಎರಡೂ ಕಡೆಯ ಹಿರಿಯರೂ ಬಂದಿದ್ದರು. ಮರಿಬಸಪ್ಪನವರು ಮಗಳಿಂದ ದೂರದಲ್ಲಿ ಗೋಡೆಗೆ ಕೈಯೂರಿಕೊಂಡಿದ್ದರು. ಲಿಂಗಾಜಮ್ಮ ಗೇಟಿನ ಸರಳು ಹಿಡಿದು ನಿಂತಿದ್ದಳು. ಕಂಕುಳಲ್ಲಿ ಚಾಪೆ, ಚಾಪೆಯೊಳಗೆ ಒಂದು ಬುತ್ತಿ. ಬುತ್ತಿ ಯಾಕೆಂದು ನನಗೊಬ್ಬನಿಗೆ ಗೊತ್ತಿತ್ತು.

ಬೀದಿಯ ದೀಪ ಹಚ್ಚಿದರು. ದಾಸಪ್ಪ ಬೀಗ ಹಿಡಿದು ಮುಂದೆ ಬಂದು, ಒಳಗೆ ಯಾರಾದ್ರೂ ಇದ್ದೀರಾ ಎಂದು ಕೂಗಿದ. ತಂಬಿಗೆ ಕಲ್ಲಿನ ಮೇಲೆಯೇ ಇತ್ತು. ಎರಡನೆಯ ಸಲ ಕೂಗಿದ. ಲಿಂಗಾಜಮ್ಮ ಚಾಪೆಯನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸಿಕೊಂಡು, ಒಂದು ಕಾಲನ್ನು ಗೇಟಿನ ಸಂದಿಗೆ ಇಟ್ಟಳು. ಮೂರನೆಯ ಸಲ ಕೂಗಲು ಅವನು ಬಾಯಿ ತೆರೆಯುವಷ್ಟರಲ್ಲಿ ತಂಬಿಗೆ ಅಲುಗಿತು. ಕಲ್ಲನ್ನು ಬಿಟ್ಟು, ಬಾವಿಯಿಂದ ಯಾರೋ ನಿಧಾನವಾಗಿ ಸೇದುವಂತೆ ಮೇಲೆದ್ದು, ಒಂದು ಗೇಣು ಎತ್ತರದಲ್ಲಿ ನಿಂತು ತೂಗತೊಡಗಿತು. ಇನ್ನೂ ಏಳುವುದೋ ಎಂದು ನಾನು ಕಾದೆ. ಏಳಲಿಲ್ಲ. ಒಂದೇ ಗೇಣು.

ಗಾಳಿ ಎಂದು ಯಾರೋ ಅಂದರು. ಗಾಳಿ ಇರಲಿಲ್ಲ. ಇಲಿ ಎಂದು ಇನ್ನೊಬ್ಬರು ಅಂದರು. ಗೂಳಿಗೇ ಅಲುಗದ ನೆಲ ಇಲಿಗೆ ಅಲುಗುವುದೇ ಎಂದು ಅವರ ಪಕ್ಕದವರೇ ಸುಮ್ಮನಾಗಿಸಿದರು. ನಾನು ಮನಸ್ಸಿನಲ್ಲಿ ಬೇಸಿಗೆಯ ಅಳತೆಗಳನ್ನೆಲ್ಲ ತಿರುಗಿ ನೋಡಿದೆ. ಪ್ರತಿದಿನವೂ ಹುಣಸೆಬೀಜಕ್ಕಿಂತ ಅಳತೆ ಒಂದು ಗೇಣು ಹೆಚ್ಚೇ ಬಂದಿತ್ತು. ನೂರಾರು ಗೇಣಿನ ಹಗ್ಗಕ್ಕೆ ಅಷ್ಟು ಜೋಲು ಸಹಜವೆಂದು ಕಳೆದಿದ್ದೆ. ಅದು ಜೋಲಾಗಿದ್ದರೆ ದಿನಕ್ಕೊಂದು ಬಗೆಯಾಗಿರಬೇಕಿತ್ತು.

ದಾಸಪ್ಪ ಬೀಗವನ್ನು ಎಡಗೈಗೆ ತೆಗೆದುಕೊಂಡು, "ಅಧ್ಯಕ್ಷರೇ, ಒಳಗೆ ಒಬ್ರು ಇದ್ದಾರೆ. ಬೀಗ ಹಾಕೋಕಾಗಲ್ಲ," ಎಂದ.

"ಯಾರಿದ್ದಾರೆ?"

ಎಲ್ಲರೂ ಲಿಂಗಾಜಮ್ಮನ ಕಡೆ ನೋಡಿದರು. ಅಧ್ಯಕ್ಷರೂ ನೋಡಿದರು, ಅವರಿಗೂ ತಿಳಿದ ವಿಷಯವೇ. ಅವರು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, ಅದು ಲೆಕ್ಕಕ್ಕೆ ಬರುತ್ತದೆಯೇ ಮೇಷ್ಟ್ರೇ, ಅದು ಸಾರ್ವಜನಿಕರಲ್ಲವಲ್ಲ ಎಂದರು. ನಿರ್ಣಯದಲ್ಲಿ ಸಾರ್ವಜನಿಕರು ಎಂದಿಲ್ಲ, ಯಾರೂ ಎಂದಿದೆ ಎಂದೆ. ಬರೆದವರು ನೀವೇ ತಾನೇ ಎಂದರು. ಹೌದು ಎಂದೆ. ಹಾಗಾದರೆ ಆ ಪದಕ್ಕೆ ಅರ್ಥ ಹೇಳಿ ಎಂದರು. ಆ ಪದಕ್ಕೆ ಅರ್ಥ ಹೇಳುವವನು ನಾನಲ್ಲ, ನೆಲ ಹೇಳಿದೆ, ತಂಬಿಗೆ ನೋಡಿ ಎಂದೆ.

ಅಧ್ಯಕ್ಷರು ಕೆಟ್ಟವರಲ್ಲ. ಆದರೆ ಊರೆಲ್ಲ ನಿಂತು ನೋಡುತ್ತಿರುವಾಗ ಹಿಂದೆಗೆಯುವುದು ಅವರಿಗೆ ಕಷ್ಟವಾಯಿತು. ದನಿ ಏರಿಸಿ, ನಿಯಮ ಎಂದರೆ ನಿಯಮ, ಒಳಗಿರುವವರು ಯಾರೇ ಆಗಲಿ ಆಚೆ ಬರಬೇಕು ಎಂದರು.

ಲಿಂಗಾಜಮ್ಮ ಗೇಟಿನ ಸಂದಿನಿಂದ ಕಾಲು ತೆಗೆದಳು. "ಅದಕ್ಕೆ ನಡೆಯೋಕೆ ಬರಲ್ಲ ಅಧ್ಯಕ್ಷರೇ. ನಾನೇ ಹೋಗಿ ಎತ್ಕೊಂಡು ಬರಬೇಕು. ಬರ್ತೀನಿ. ಎಲ್ಲಿಗೆ ಕರ್ಕೊಂಡು ಹೋಗಲಿ, ಅದೊಂದು ಹೇಳಿಬಿಡಿ."

ಅಧ್ಯಕ್ಷರು ಮರಿಬಸಪ್ಪನವರನ್ನು ನೋಡಿದರು. ಮರಿಬಸಪ್ಪನವರು ಗೋಡೆಯ ಗಾರೆಯನ್ನು ಉಗುರಿನಿಂದ ಕೆರೆಯುತ್ತಿದ್ದರು. ಆ ಕಡೆಯ ಹಿರಿಯರನ್ನು ನೋಡಿದರು. ಅವರು ಬೀದಿದೀಪವನ್ನು ನೋಡುತ್ತಿದ್ದರು. ಕೊನೆಗೆ ಅಧ್ಯಕ್ಷರು ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡು, ಬೀಗ ಇವತ್ತಿಗೆ ಇರಲಿ ದಾಸಪ್ಪ ಎಂದು ಹೇಳಿ ಮನೆಗೆ ನಡೆದರು. ಲಿಂಗಾಜಮ್ಮ ಒಳಗೆ ಹೋದಳು. ತಂಬಿಗೆ ಇನ್ನೊಂದು ಗೇಣು ಮೇಲೆದ್ದಿತು. ಉಳಿದವರು ಒಳಗೆ ಹೋಗಬಹುದೇ ಬಾರದೇ ಎಂದು ತಿಳಿಯದೆ, ಚಾಪೆ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದು, ಒಬ್ಬೊಬ್ಬರಾಗಿ ಹೊರಟುಹೋದರು.

ನಿರ್ಣಯಕ್ಕೆ ತಿದ್ದುಪಡಿ ಬಂದಿತು. ಇದನ್ನು ಗುಮಾಸ್ತರು ಬರೆದರು. ಒಳಗೆ ಇರುವವರ ಸಂಬಂಧಿಕರ ಹೊರತು ಬೇರೆ ಯಾರೂ ರಾತ್ರಿ ಆವರಣವನ್ನು ಪ್ರವೇಶಿಸತಕ್ಕದ್ದಲ್ಲ. ಸಂಬಂಧಿಕರು ಹಗಲಿನಲ್ಲಿ ಮಡಿಕೆಯಲ್ಲಿ ಉಳಿಯತಕ್ಕದ್ದಲ್ಲ. ಅಧ್ಯಕ್ಷರ ಲೆಕ್ಕದಲ್ಲಿ ಇದರಿಂದ ಒಬ್ಬಳು, ಗಂಡ ಊರಿನಲ್ಲಿದ್ದಾಗ ಇಬ್ಬರು, ಅಷ್ಟೇ. ಆದರೆ ಆ ವರ್ಷ ಬೇಸಿಗೆ ಕಡುವಾಗಿತ್ತು. ವಾರ ಕಳೆಯುವುದರೊಳಗೆ ಗೇಟಿನ ಬಳಿ ಕೂಸಿನ ಸೋದರಮಾವಂದಿರು ಕಾಣಿಸಿಕೊಂಡರು. ಅವರ ಹಿಂದೆ ಚಿಕ್ಕಮ್ಮಂದಿರು, ದೊಡ್ಡಪ್ಪಂದಿರು, ದೊಡ್ಡಪ್ಪನ ಬೀಗರು. ಮಗು ತಮ್ಮದಲ್ಲವೆಂದು ಆರು ವರ್ಷ ಸಾಧಿಸಿದ ಎರಡೂ ಕಡೆಯ ಜನ ದಿಂಬು ಹಿಡಿದುಕೊಂಡು ಬಂದು, ತಮ್ಮದೇ ಎಂದು ಪೈಪೋಟಿಯಿಂದ ಹೇಳತೊಡಗಿದರು. ದಾಸಪ್ಪ ನಿರ್ಧಾರ ಮಾಡಲಾರದೆ ಲಿಂಗಾಜಮ್ಮನನ್ನು ಗೇಟಿನ ಬಳಿ ಒಂದು ಸ್ಟೂಲು ಹಾಕಿ ಕೂರಿಸಿದ. ಅವಳು ಒಬ್ಬೊಬ್ಬರನ್ನೂ, ಕೂಸಿಗೆ ನೀವು ಏನಾಗಬೇಕು ಎಂದು ಕೇಳುತ್ತಿದ್ದಳು. ಹೇಳಿದವರ ಮುಖವನ್ನು ಒಂದು ಗಳಿಗೆ ನೋಡಿ ಬಿಡುತ್ತಿದ್ದಳು. ಯಾರನ್ನೂ ಹಿಂದಕ್ಕೆ ಕಳುಹಿಸಲಿಲ್ಲ, ಆದರೆ ಬಾಯಿಬಿಟ್ಟು ಹೇಳದೆ ಯಾರನ್ನೂ ಒಳಗೆ ಬಿಡಲಿಲ್ಲ. ಗೊರಕೆಯವನು ತಾನು ಕೂಸಿಗೆ ದೂರದ ಷಡ್ಡಕ ಎಂದನಂತೆ. ಹುಟ್ಟಿದ ಮರುದಿನ ಹೋದ ಕೂಸಿಗೆ ಷಡ್ಡಕ ಹೇಗಾಗುತ್ತೀಯಪ್ಪ, ಅದಕ್ಕೆ ಹೆಂಡತಿ ಎಲ್ಲಿಂದ ತರಲಿ ಎಂದು ಅವಳು ನಕ್ಕಳೆಂದೂ, ಆರು ವರ್ಷದಲ್ಲಿ ಅವಳು ನಕ್ಕಿದ್ದನ್ನು ಕಂಡದ್ದು ಅದೇ ಮೊದಲೆಂದೂ ದಾಸಪ್ಪ ನನಗೆ ಹೇಳಿದ.

ಮರಿಬಸಪ್ಪನವರು ಬಹಳ ದಿನ ಬರಲಿಲ್ಲ. ಬಂದ ಸಂಜೆ ನಾನು ಅಲ್ಲಿಯೇ ಇದ್ದೆ. ಅವರ ಕೈಯಲ್ಲಿ ಚಾಪೆಯಾಗಲಿ ದಿಂಬಾಗಲಿ ಇರಲಿಲ್ಲ. ಸರತಿಯಲ್ಲಿ ನಿಂತು, ತಮ್ಮ ಸರದಿ ಬಂದಾಗ ಸ್ಟೂಲಿನ ಎದುರು ನಿಂತರು. ಹಿಂದಿನವರು ಅವಸರ ಮಾಡಲಿಲ್ಲ. ಮಗಳು ಅವರನ್ನೂ ಎಲ್ಲರಂತೆಯೇ ಕೇಳಿದಳು, ಕೂಸಿಗೆ ನೀವು ಏನಾಗಬೇಕು ಎಂದು. ಅವರು, ತಾತ ಎಂದರು. ಹಿಂದೆ ನಿಂತವರಿಗೂ ಕೇಳಿಸಿತು. ಅವಳು ಸ್ಟೂಲಿನಿಂದ ಎದ್ದು ಲಾಟೀನು ಹಿಡಿದು ಮುಂದೆ ನಡೆದಳು. ಅವರು ಹಿಂದೆ ಹೋದರು. ದಾಸಪ್ಪ ಮಡಕೆಗೆ ಒಂದು ಬೀಜ ಹಾಕಿದ. ನೆಲ ಅವರಿಗೂ ಒಂದು ಗೇಣು ಕೊಟ್ಟಿತು, ಹೆಚ್ಚಿಲ್ಲ, ಕಡಿಮೆಯಿಲ್ಲ.

ನಾನು ಆ ಸಂಜೆ ಹೋಗಿದ್ದುದು ಬೇರೆ ಕಾರಣಕ್ಕೆ. ನನ್ನ ವರದಿಯಲ್ಲಿ ತಪ್ಪು ಉಳಿದಿತ್ತು. ಜೋಲಿಲ್ಲದ ಹೊಸ ಹಗ್ಗದಿಂದ ಇನ್ನೊಮ್ಮೆ ಅಳೆದು ಅದನ್ನು ತಿದ್ದಬೇಕಾಗಿತ್ತು. ಅದಕ್ಕೆ ಒಳಗೆ ಹೋಗಲೇಬೇಕು. ಲಿಂಗಾಜಮ್ಮ ಹಿಂದಿರುಗಿ ಬಂದು ಸ್ಟೂಲಿನ ಮೇಲೆ ಕುಳಿತ ಮೇಲೆ ನನ್ನ ಸರದಿ ಬಂದಿತು.

"ಮೇಷ್ಟ್ರೇ, ಕೂಸಿಗೆ ನೀವು ಏನಾಗಬೇಕು?"

"ಏನೂ ಆಗಬೇಕಿಲ್ಲ," ಎಂದೆ. "ಅಳೆಯಲು ಬಂದಿದ್ದೇನೆ."

ಹಾಗೆಂದರೆ ನಿಯಮ ಒಪ್ಪುವುದಿಲ್ಲ ಎಂದು ದಾಸಪ್ಪ ಸಂಕೋಚದಿಂದ ಹೇಳಿದ. ಹಿಂದೆ ನಿಂತಿದ್ದ ಹೆಂಗಸು, ಚಿಕ್ಕತಾತ ಅನ್ನಿ ಮೇಷ್ಟ್ರೇ, ಬಾಯಿ ಸವೆಯುತ್ತದೆಯೇ ಎಂದು ಗೊಣಗಿದಳು. ಇಲ್ಲದ ಸಂಬಂಧವನ್ನು ಹೇಳುವುದು ನನ್ನಿಂದಾಗದು ಎಂದು ಹಗ್ಗವನ್ನು ಸುತ್ತಿ ಹೊರಡಲು ತಿರುಗಿದೆ. ಲಿಂಗಾಜಮ್ಮ ನನ್ನ ತೋಳು ಹಿಡಿದು ನಿಲ್ಲಿಸಿದಳು.

"ದಾಸಣ್ಣ, ಇವರನ್ನ ಬಿಡು. ನನ್ನ ಮಗನಿಗೆ ಮೊನ್ನೆ ಆರು ತುಂಬಿತು, ಶಾಲೆಗೆ ಹಾಕೋ ವಯಸ್ಸು. ಇವರು ಅವನ ಲೆಕ್ಕದ ಮೇಷ್ಟ್ರು."

ದಾಸಪ್ಪ ಬೀಜ ಹಾಕಿದ. ನಾನು ಒಳಗೆ ಹೋದೆ. ಕಂಬದಿಂದ ಹಗ್ಗ ಎಳೆದುಕೊಂಡು ಕಟ್ಟೆಯ ಕಡೆ ನಡೆಯುವಾಗ ದಾರಿಯಲ್ಲಿ ಆ ಜಾಗ ಸಿಕ್ಕಿತು. ನಾಲ್ಕು ಇಟ್ಟಿಗೆ ಇಟ್ಟು ಗುರುತು ಮಾಡಿದ್ದರು. ಒಂದು ಬದಿಯಲ್ಲಿ ಮರಿಬಸಪ್ಪನವರು ಬರಿಯ ನೆಲದ ಮೇಲೆ ಕುಳಿತಿದ್ದರು. ನಾನು ಹಗ್ಗವನ್ನು ಕೆಳಗಿಟ್ಟು ಇನ್ನೊಂದು ಬದಿಯಲ್ಲಿ ಕುಳಿತೆ. ಒಪ್ಪಿಕೊಂಡ ಕೆಲಸವನ್ನು ಮೊದಲು ಮಾಡಬೇಕು. ಆರು ವರ್ಷದವರಿಗೆ ಎಲ್ಲಿಂದ ಶುರು ಮಾಡುತ್ತಿದ್ದೆನೋ ಅಲ್ಲಿಂದಲೇ, ಒಂದೊಂದ್ಲ ಒಂದು, ಒಂದೆರಡ್ಲ ಎರಡು ಎಂದು ಶುರು ಮಾಡಿದೆ.